ದರದ ಎಲ್‌ಇಡಿ ಬೋರ್ಡಿನಲ್ಲಿ ಕನ್ನಡ ಒಡೆಯುವುದೇಕೆ, ಸಾಲನ್ನು ದಿನವೂ ಬದಲಿಸುವುದು ಹೇಗೆ?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ಮತ್ತು ಕಾಳುಮೆಣಸು ಖರೀದಿಯ ಅಂಗಡಿ ನಡೆಸುತ್ತಿದ್ದೇವೆ. ಕಳೆದ ಕೊಯ್ಲಿಗೆ ಮುಂಚೆ ಅಂಗಡಿಯ ಜಗಲಿಯ ಮೇಲೆ ಆರು ಅಡಿ ಉದ್ದದ, ಕೆಂಪು ಅಕ್ಷರಗಳು ಓಡುವ ಎಲ್‌ಇಡಿ ಬೋರ್ಡ್ ಹಾಕಿಸಿದೆವು. ಮಾಡಿಕೊಟ್ಟವರು ಮೊದಲ ದಿನ ತುಂಬಿದ ಕನ್ನಡದ ಸಾಲು ಚೆನ್ನಾಗಿಯೇ ಬಂತು. ಮರುದಿನ ದರ ಬದಲಿಸಲು ಮೊಬೈಲ್ ಆ್ಯಪಿನಲ್ಲಿ ನಾವೇ ಟೈಪ್ ಮಾಡಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಕೆಲವು ಕಡೆ ಬರಿಯ ಚೌಕಗಳಾಗಿ ಬಂದವು. ಕೇಳಿದರೆ 'ಈ ಬೋರ್ಡಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ, ಇಲ್ಲವೇ ಕಾರ್ಡ್ ಬಿಚ್ಚಿ ತನ್ನಿ' ಎನ್ನುತ್ತಾರೆ. ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ಗಡಿಯಾರವೂ ತಪ್ಪುತ್ತದೆ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗ ಆರ್ಡುಯಿನೊ (ಪ್ರೋಗ್ರಾಮ್ ತುಂಬಿ ಬಳಸುವ ಪುಟ್ಟ ನಿಯಂತ್ರಕ) ಹಾಕಿ ತಾನೇ ಸರಿಮಾಡುತ್ತೇನೆ ಎನ್ನುತ್ತಿದ್ದಾನೆ. ಅವನ ಕೈಗೆ ಕೊಡಬಹುದೇ? ಹೊರಗಿನವರು ಯಾರಾದರೂ ನಮ್ಮ ದರವನ್ನು ಬದಲಿಸಿಬಿಡುವ ಅಪಾಯವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಮೂಲ ಚಿಂತೆ ಒಂದೇ ಎಂದು ನನಗೆ ಕಾಣುತ್ತದೆ. ಬೆಳಿಗ್ಗೆ ಮಾರುಕಟ್ಟೆಯ ದರ ತಿಳಿದ ಕೂಡಲೇ, ಯಾರನ್ನೂ ಕಾಯದೆ, ಬೆಳೆಗಾರರಿಗೆ ಓದಲು ಬರುವ ಕನ್ನಡದಲ್ಲಿ ಅದನ್ನು ಬೋರ್ಡಿಗೆ ಏರಿಸುವುದು ನಿಮಗೆ ಬೇಕಾಗಿದೆ. ಇದು ಖಂಡಿತ ಸಾಧ್ಯ. ಬಹುಶಃ ನಿಮ್ಮ ಬಳಿ ಈಗ ಇರುವ ಬೋರ್ಡಿನಲ್ಲೇ ಸಾಧ್ಯ.

'ಈ ಬೋರ್ಡಿಗೆ ಕನ್ನಡ ಬರುವುದಿಲ್ಲ' ಎಂಬ ಮಾತನ್ನು ಹಾಸನ ಮತ್ತು ಚಿಕ್ಕಮಗಳೂರಿನ ಎರಡೂ ಕಡೆಯ ಅಂಗಡಿಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ್ದೇನೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಆ ಮಾತು ಬೋರ್ಡಿನ ವಿಚಾರದಲ್ಲಿ ಸಲ್ಲುವುದಿಲ್ಲ. ನೀವು ಹೇಳುವ ಅಳತೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಪಿ10 ಎಂಬ ಪ್ಯಾನೆಲ್‌ಗಳು. ಚುಕ್ಕಿಯಿಂದ ಚುಕ್ಕಿಗೆ 10 ಮಿಲಿಮೀಟರ್ ಅಂತರ, ಅಡ್ಡಕ್ಕೆ 32, ಎತ್ತರಕ್ಕೆ 16 ಚುಕ್ಕಿ, ಅಂದರೆ ಒಂದು ಪ್ಯಾನೆಲ್‌ನ ಅಳತೆ 320 ಮಿ.ಮೀ.ಗೆ 160 ಮಿ.ಮೀ. ಇಂತಹ ಆರನ್ನು ಸಾಲಾಗಿ ಜೋಡಿಸಿದರೆ ಆರು ಅಡಿಗೆ ತುಸು ಹೆಚ್ಚಾಗುತ್ತದೆ, ಅಡ್ಡಕ್ಕೆ 192 ಚುಕ್ಕಿ ಸಿಗುತ್ತವೆ. ಈ ಪ್ಯಾನೆಲ್‌ಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಯಾವ ಚುಕ್ಕಿ ಹೊತ್ತಬೇಕು, ಯಾವುದು ಆರಬೇಕು ಎಂಬುದಷ್ಟೇ ಅದಕ್ಕೆ ತಲುಪುತ್ತದೆ. ಅಕ್ಷರವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸ ಬೇರೆಲ್ಲೋ ನಡೆಯಬೇಕು. ಅದು ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ನಿಮ್ಮ ಕನ್ನಡ ಉಳಿಯುತ್ತದೆಯೋ ಒಡೆಯುತ್ತದೆಯೋ ಎಂಬುದು ನಿಂತಿದೆ.

ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಆಕಾರ, ಒಂದರ ಪಕ್ಕ ಒಂದನ್ನು ಇಟ್ಟರೆ ಪದವಾಗುತ್ತದೆ. ಹೀಗಾಗಿ ಅಂಚೆಚೀಟಿಯಷ್ಟು ಗಾತ್ರದ ಚಿಪ್ಪಿನಲ್ಲೂ ಇಡೀ ವರ್ಣಮಾಲೆಯನ್ನು ತುಂಬಿಡಬಹುದು. ಫೋನು, ಕಂಪ್ಯೂಟರುಗಳು ಅಕ್ಷರಗಳನ್ನು ಉಳಿಸುವ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಕನ್ನಡದ ಪಠ್ಯ ಹಾಗೆ ಇರುವುದಿಲ್ಲ. 'ಚಿಕ್ಕ' ಎಂದು ನಾವು ಟೈಪ್ ಮಾಡಿದಾಗ ಒಳಗೆ ಉಳಿಯುವುದು ಚ, ಇಕಾರದ ಚಿಹ್ನೆ, ಕ, ಹಲಂತ, ಮತ್ತೊಂದು ಕ ಎಂಬ ಐದು ಸಂಕೇತಗಳು. ಗುಡಿಸನ್ನು ಚಕಾರದೊಂದಿಗೆ ಬೆಸೆದು, ಎರಡನೆಯ ಕಕಾರವನ್ನು ಒತ್ತಾಗಿ ಮಾಡಿ ಕೆಳಗೆ ಇಡುವುದು ಅಕ್ಷರ ಜೋಡಿಸುವ ಪ್ರತ್ಯೇಕ ತಂತ್ರಾಂಶದ ಕೆಲಸ. ಅರ್ಕಾವತ್ತಿನಲ್ಲಂತೂ ಕ್ರಮವೇ ಬದಲಾಗುತ್ತದೆ: ಸಂಕೇತಗಳಲ್ಲಿ ರಕಾರ ಮೊದಲು ಬರುತ್ತದೆ, ಬರಹದಲ್ಲಿ ಅದು ಮುಂದಿನ ಅಕ್ಷರದ ಬಲಕ್ಕೆ ಹೋಗಿ ಕೂರುತ್ತದೆ. ನಿಮ್ಮ ಫೋನ್ ಮತ್ತು ಕಂಪ್ಯೂಟರಿನಲ್ಲಿ ಈ ಜೋಡಣೆ ತಾನಾಗಿ ನಡೆಯುತ್ತದೆ. ಬೋರ್ಡನ್ನು ಒಳಗಿನಿಂದ ನಡೆಸುವ ಕಂಟ್ರೋಲ್ ಕಾರ್ಡಿನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಕೆಲವು ಮೊಬೈಲ್ ಆ್ಯಪ್‌ಗಳು ಇಡೀ ಸಾಲನ್ನು ಫೋನಿನಲ್ಲೇ ಚಿತ್ರವಾಗಿಸಿ ಕಳುಹಿಸುತ್ತವೆ, ಅವುಗಳಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಕೆಲವು ಸಂಕೇತಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರಿಸುತ್ತವೆ, ಅವುಗಳಲ್ಲಿ ನಿಮ್ಮಲ್ಲಿ ಬಂದಂತೆ ಬಿಡಿಬಿಡಿಯಾಗಿ ಬರುತ್ತದೆ. ಫಾಂಟ್ ಇಲ್ಲದ ಕಡೆ ಚೌಕಗಳು ಬೀಳುತ್ತವೆ.

ಹಾಗಾದರೆ ಮೊದಲ ದಿನದ ಸಾಲು ಹೇಗೆ ಸರಿಯಾಗಿ ಬಂತು? ಮಾಡಿಕೊಟ್ಟವರು ಅದನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿಸಿ ತುಂಬಿರಬೇಕು, ಇಲ್ಲವೇ ಹಳೆಯ ನುಡಿ ಫಾಂಟ್ ಬಳಸಿರಬೇಕು. ಯೂನಿಕೋಡ್ ಅಲ್ಲದ ಆ ಹಳೆಯ ಫಾಂಟುಗಳಲ್ಲಿ ಒತ್ತು, ಗುಣಿತದ ಚಿಹ್ನೆ, ಅರ್ಕಾವತ್ತು ಎಲ್ಲವೂ ಅಚ್ಚಿನ ಮೊಳೆಗಳಂತೆ ಬೇರೆ ಬೇರೆ ತುಂಡುಗಳಾಗಿರುತ್ತವೆ, ಪ್ರತಿ ತುಂಡಿಗೂ ಒಂದು ರೋಮನ್ ಅಕ್ಷರದ ಸ್ಥಾನ ಕೊಟ್ಟಿರುತ್ತಾರೆ. ಜೋಡಣೆ ಟೈಪ್ ಮಾಡುವಾಗಲೇ ಮುಗಿದುಹೋಗುವುದರಿಂದ, ಕನ್ನಡವೇ ತಿಳಿಯದ ತಂತ್ರಾಂಶವೂ ಅದನ್ನು ಸರಿಯಾಗಿ ಚಿತ್ರಿಸಿಬಿಡುತ್ತದೆ. 'ಬೋರ್ಡಿಗೆ ನುಡಿಯೇ ಬೇಕು' ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದ. ಕಂಪ್ಯೂಟರಿನಿಂದ ಸಾಲು ತುಂಬುವವರಿಗೆ ಅದು ಈಗಲೂ ಉಪಯುಕ್ತ ಉಪಾಯವೇ. ಫೋನಿನಿಂದ ದರ ಬದಲಿಸಬೇಕಾದ ನಿಮಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಆ ಫಾಂಟ್ ಇಲ್ಲದ ಕಡೆ ಅದೇ ಪಠ್ಯ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ.

ಇಲ್ಲಿ ನಿಮ್ಮ ವ್ಯಾಪಾರದ ಪದಗಳಿಗೇ ಅಂಟಿದ ಒಂದು ತೊಡಕನ್ನು ಹೇಳಬೇಕು. 'ಪಾರ್ಚ್‌ಮೆಂಟ್' ಎಂಬ ಪದದಲ್ಲಿ ಚಕಾರದ ಹಲಂತದ ನಂತರ ಕಣ್ಣಿಗೆ ಕಾಣದ, ಜೋಡಣೆಯನ್ನು ತಡೆಯುವ ಒಂದು ಸಂಕೇತ ಇರಬೇಕು. ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದನ್ನು ಕರೆಯುತ್ತಾರೆ. ಅದು ಬಿಟ್ಟುಹೋದರೆ ಮಕಾರವು ಚಕಾರದ ಕೆಳಗೆ ಒತ್ತಾಗಿ ಇಳಿದು 'ಪಾರ್ಚ್ಮೆಂಟ್' ಎಂದಾಗುತ್ತದೆ. ಪತ್ರಿಕೆಯ ಪುಟದಲ್ಲಿ ಇದನ್ನು ಹೇಗೋ ಓದಿಕೊಳ್ಳಬಹುದು, 16 ಚುಕ್ಕಿ ಎತ್ತರದಲ್ಲಿ ಅದು ಬರಿಯ ಕೆಂಪು ಮುದ್ದೆಯಾಗುತ್ತದೆ. ಸರಿಯಾಗಿ ಮೂಡಿದ ಪದವನ್ನು ಒಮ್ಮೆ ಫೋನಿನ ಟಿಪ್ಪಣಿಯಲ್ಲಿ ಉಳಿಸಿಟ್ಟು, ಬೇಕಾದಾಗ ಅಲ್ಲಿಂದಲೇ ನಕಲಿಸಿಕೊಳ್ಳುವುದು ಸುಲಭ.

ಎತ್ತರದ ಇತಿಮಿತಿಯನ್ನೂ ಒಪ್ಪಿಕೊಳ್ಳಬೇಕು. ಇಂಗ್ಲಿಷಿನ ದೊಡ್ಡಕ್ಷರಕ್ಕೆ 7 ಚುಕ್ಕಿ ಎತ್ತರ ಸಾಕು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬಿಟ್ಟರೆ ಮೂಲ ಅಕ್ಷರಕ್ಕೆ 16ರಲ್ಲಿ ಉಳಿಯುವುದು ಹತ್ತರ ಆಸುಪಾಸು. 'ಕಾಳುಮೆಣಸು' ಎಂಬುದು ಒತ್ತಿಲ್ಲದ ಪದವಾದ್ದರಿಂದ ಸ್ಪಷ್ಟವಾಗಿ ಕಾಣುತ್ತದೆ, 'ರೋಬಸ್ಟಾ' ಪರವಾಗಿಲ್ಲ, 'ಸ್ತ್ರೀ' ಎಂಬಂತಹ ಎರಡು ಒತ್ತಿನ ಅಕ್ಷರಗಳು ಸೊಗಸಾಗಿ ಬರುವುದೇ ಇಲ್ಲ. ಇನ್ನೊಂದು ಸಾಲು ಪ್ಯಾನೆಲ್ ಸೇರಿಸಿ ಎತ್ತರವನ್ನು 32 ಚುಕ್ಕಿಗೆ ಏರಿಸಿದರೆ ಕನ್ನಡ ನಿಜಕ್ಕೂ ಕನ್ನಡದಂತೆ ಕಾಣುತ್ತದೆ, ಆದರೆ ವಿದ್ಯುತ್ ಪೂರೈಕೆಯೂ ಇಮ್ಮಡಿಯಾಗಬೇಕು, ನಿಮ್ಮ ಕಾರ್ಡ್ ಅಷ್ಟು ಗಾತ್ರವನ್ನು ನಿಭಾಯಿಸಬೇಕು.

ಈಗ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವ ವಿಚಾರಕ್ಕೆ ಬರುತ್ತೇನೆ. ನಿಮ್ಮ ಬೋರ್ಡಿನಲ್ಲಿ ದಿನವೂ ಬದಲಾಗುವುದು ಯಾವುದು? ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, ಕಾಳುಮೆಣಸು ಎಂಬ ಹೆಸರುಗಳು ಬದಲಾಗುವುದಿಲ್ಲ; 50 ಕೆ.ಜಿ. ಮೂಟೆಗೆ ಇಷ್ಟು, ಕಾಳುಮೆಣಸಿಗಾದರೆ ಕೆ.ಜಿ.ಗೆ ಇಷ್ಟು ಎಂಬ ಅಂಕಿ ಮಾತ್ರ ಬದಲಾಗುತ್ತದೆ. ಅಂಕಿಗಳಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ, ಅತಿ ಅಗ್ಗದ ಕಾರ್ಡೂ ಅವನ್ನು ತಪ್ಪಿಲ್ಲದೆ ತೋರಿಸುತ್ತದೆ. ಆದ್ದರಿಂದ ಹೆಸರುಗಳನ್ನು ಒಮ್ಮೆ ಚಿತ್ರಗಳಾಗಿ ತುಂಬಿಬಿಡಿ, ದಿನವೂ ಅಂಕಿಗಳನ್ನಷ್ಟೇ ಬದಲಿಸಿ. ಬಹುತೇಕ ಕಾರ್ಡುಗಳ ತಂತ್ರಾಂಶದಲ್ಲಿ ಪರದೆಯನ್ನು ಎರಡು ಮೂರು ಭಾಗಗಳಾಗಿ ವಿಂಗಡಿಸುವ ಸೌಲಭ್ಯವಿದೆ. ಎಡಭಾಗಕ್ಕೆ ಹೆಸರಿನ ಚಿತ್ರ, ಬಲಭಾಗಕ್ಕೆ ಅಂಕಿಯ ಪಠ್ಯ ಕೊಟ್ಟರಾಯಿತು. ಹೆಸರಿಗೆ ಸುಮಾರು 130 ಚುಕ್ಕಿ ಅಗಲ, ಐದು ಅಂಕಿಗೆ 40 ಚುಕ್ಕಿ ಎಂದರೂ 192ರೊಳಗೆ ಎರಡೂ ಹಿಡಿಸುತ್ತವೆ.

ಹಾಗೆ ಹಿಡಿಸುವುದಾದರೆ ಅಕ್ಷರಗಳು ಓಡಬೇಕಾದ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡೋಣ. ಐದೂ ದರಗಳನ್ನು ಒಂದೇ ಸಾಲಾಗಿ ಬರೆದರೆ ಸುಮಾರು 950 ಚುಕ್ಕಿ ಉದ್ದವಾಗುತ್ತದೆ. ಸೆಕೆಂಡಿಗೆ 50 ಚುಕ್ಕಿಯ ವೇಗದಲ್ಲಿ ಅದು ಪೂರ್ತಿ ಹಾದುಹೋಗಲು 23 ಸೆಕೆಂಡ್ ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದ ಜೀಪು ಅಷ್ಟರಲ್ಲಿ ಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ, ನಮ್ಮ ತಿರುವಿನ ರಸ್ತೆಗಳಲ್ಲಿ ಅಷ್ಟು ದೂರದಿಂದ ನಿಮ್ಮ ಬೋರ್ಡು ಕಾಣುವುದೂ ಇಲ್ಲ. ಅದರ ಬದಲು ಒಂದೊಂದು ದರವೂ ನಾಲ್ಕು ಸೆಕೆಂಡ್ ಅಲುಗದೆ ನಿಂತು ಬದಲಾದರೆ 20 ಸೆಕೆಂಡಿಗೆ ಒಂದು ಸುತ್ತು ಮುಗಿಯುತ್ತದೆ, ಹಾದುಹೋಗುವವರಿಗೂ ಕನಿಷ್ಠ ಒಂದು ದರವಾದರೂ ಪೂರ್ತಿ ಸಿಗುತ್ತದೆ. ಓಡುವ ಸಾಲನ್ನು ರಜೆಯ ಸೂಚನೆಗೋ ಹಬ್ಬದ ಶುಭಾಶಯಕ್ಕೋ ಮೀಸಲಿಡಿ.

ಕಾರ್ಡ್ ಬಿಚ್ಚಿ ತರಬೇಕು ಎಂಬ ಮಾತನ್ನು ನೀವು ನಂಬಬೇಕಾಗಿಲ್ಲ. ಫೋನಿನಿಂದ ಟೈಪ್ ಮಾಡಿದ್ದು ಬೋರ್ಡಿನಲ್ಲಿ ಕಂಡಿದೆ ಎಂದ ಮೇಲೆ ನಿಮ್ಮದು ಬಹುಶಃ ವೈಫೈ ಇರುವ ಕಾರ್ಡೇ. ಅದು ತನ್ನದೇ ವೈಫೈ ಹೊರಡಿಸುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ಈ ಕಾರಣದಿಂದಲೇ ಒಂದು ಗೊಂದಲವೂ ಆಗುತ್ತದೆ: 'ಇಂಟರ್ನೆಟ್ ಇಲ್ಲ' ಎಂದು ತಿಳಿದ ಫೋನ್ ತಾನಾಗಿ ಮೊಬೈಲ್ ಡೇಟಾದ ಕಡೆಗೆ ಹಾರಿಬಿಡುತ್ತದೆ, ಆಗ ಕಳುಹಿಸಿದ್ದು ತಲುಪುವುದಿಲ್ಲ. ದರ ಬದಲಿಸುವ ಹೊತ್ತಿಗೆ ಮೊಬೈಲ್ ಡೇಟಾ ಆಫ್ ಮಾಡಿಕೊಂಡರೆ ಸಾಕು. ಚಿತ್ರಗಳನ್ನು ಮೊದಲ ಬಾರಿ ತುಂಬಲು ಮಾತ್ರ ಕಂಪ್ಯೂಟರ್ ಬಳಸಿ, ಪೆನ್ ಡ್ರೈವ್ ಕಿಂಡಿ ಇದ್ದರೆ ಅದರ ಮೂಲಕವೂ ತುಂಬಬಹುದು. ಚಿತ್ರ ತಯಾರಿಸುವಾಗ ಅಕ್ಷರದ ಅಂಚನ್ನು ನಯಗೊಳಿಸುವ ಆಯ್ಕೆಯನ್ನು ಆಫ್ ಮಾಡಿಬಿಡಬೇಕು, ಬೂದು ಬಣ್ಣ ಎಲ್ಲೂ ಇರಕೂಡದು, ಏಕೆಂದರೆ ಏಕವರ್ಣದ ಬೋರ್ಡಿನಲ್ಲಿ ಚುಕ್ಕಿ ಹೊತ್ತುತ್ತದೆ ಇಲ್ಲವೇ ಆರಿರುತ್ತದೆ. ತೆಳುವಾದ ಗೆರೆಗಳು ಮಾಯವಾದ ಕಡೆ ಒಂದೊಂದೇ ಚುಕ್ಕಿ ಇಟ್ಟು ಕೈಯಿಂದ ತಿದ್ದಬೇಕಾಗುತ್ತದೆ. ಒಮ್ಮೆ ಮಾಡುವ ಕೆಲಸವಾದ್ದರಿಂದ ಬೇಸರಪಡಬೇಡಿ.

ಈಗಿನ ಕಾರ್ಡಿನಲ್ಲಿ ಭಾಗ ಮಾಡುವ ಸೌಲಭ್ಯವಿಲ್ಲದಿದ್ದರೆ ಕಾರ್ಡನ್ನಷ್ಟೇ ಬದಲಿಸಬಹುದು. ಪ್ಯಾನೆಲ್ ಮತ್ತು ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ಮುಂದೆ ಕಾರ್ಡಿನ ಬೆಲೆ ಚಿಕ್ಕದು. ಕೊಳ್ಳುವಾಗ ಅದರ ಕಿಂಡಿ ನಿಮ್ಮ ಏಕವರ್ಣದ ಪ್ಯಾನೆಲ್‌ನ ಹಬ್12 ಬಗೆಗೆ ಹೊಂದುತ್ತದೆಯೇ, 192 ಚುಕ್ಕಿ ಅಗಲವನ್ನು ನಿಭಾಯಿಸುತ್ತದೆಯೇ ಎಂದು ಕೇಳಿ. ಬಹುವರ್ಣದ ಪ್ಯಾನೆಲ್‌ಗಳಿಗೆ ಬರುವ ಹಬ್75 ಕಾರ್ಡ್ ಇದಕ್ಕೆ ಆಗುವುದಿಲ್ಲ. ಸಿಮ್ ಹಾಕಿ ದೂರದಿಂದ ಬದಲಿಸುವ ಕಾರ್ಡುಗಳೂ ಇವೆ. ಬೋರ್ಡ್ ಇರುವ ಅಂಗಡಿಯಲ್ಲೇ ನೀವು ಕೂರುವಾಗ, ಅದರಲ್ಲೂ ಮಳೆಗಾಲದಲ್ಲಿ ನೆಟ್‌ವರ್ಕ್ ನೆಚ್ಚಲಾಗದ ನಮ್ಮ ಕಡೆ, ಅದಕ್ಕೆ ಖರ್ಚು ಮಾಡುವುದನ್ನು ನಾನು ಸೂಚಿಸುವುದಿಲ್ಲ.

ಇನ್ನು ನಿಮ್ಮ ಮಗನ ವಿಚಾರ. ಅವರು ಹೇಳುವುದು ಆಗದ ಕೆಲಸವೇನಲ್ಲ. ಪಿ10 ಪ್ಯಾನೆಲ್ ಒಳಗೆ ಸರಳವಾಗಿಯೇ ಇದೆ: ದತ್ತಾಂಶ ಹಿಡಿಯುವ ಶಿಫ್ಟ್ ರಿಜಿಸ್ಟರ್‌ಗಳು, ಯಾವ ಸಾಲು ಹೊತ್ತಬೇಕೆಂದು ಆಯ್ದುಕೊಳ್ಳುವ ಡಿಕೋಡರ್. ಹದಿನಾರು ಸಾಲುಗಳಲ್ಲಿ ಒಂದು ಸಲಕ್ಕೆ ನಾಲ್ಕು ಸಾಲು ಮಾತ್ರ ಹೊತ್ತುತ್ತವೆ. ನಾಲ್ಕು ಸರದಿಯಲ್ಲಿ ಪೂರ್ತಿ ಪ್ಯಾನೆಲ್ ಬೆಳಗುತ್ತದೆ. ಪ್ರತಿ ಸರದಿಗೆ 5 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 50 ಬಾರಿ ಚಿತ್ರ ಪೂರ್ಣವಾಗುತ್ತದೆ, ಅದಕ್ಕಿಂತ ತಡವಾದರೆ ಕಣ್ಣಿಗೆ ಮಿನುಗು ಗೊತ್ತಾಗುತ್ತದೆ. ಆರ್ಡುಯಿನೊಗೆ ಡಿಎಂಡಿ ಎಂಬ ಸಿದ್ಧ ಲೈಬ್ರರಿಯೇ (ಮೊದಲೇ ಬರೆದಿಟ್ಟ ಪ್ರೋಗ್ರಾಮಿನ ಕಟ್ಟು) ಇದೆ. ಆರ್ಡುಯಿನೊದ ಊನೊ ಎಂಬ ಮಾದರಿಯಲ್ಲಿ ಕಾರ್ಯಸ್ಮೃತಿ 2 ಕಿಲೋಬೈಟ್ ಮಾತ್ರ, ಆದರೆ ಕರೆಂಟ್ ಹೋದರೂ ಅಳಿಯದ ಸ್ಮೃತಿಯಾದ ಫ್ಲ್ಯಾಶ್ 32 ಕಿಲೋಬೈಟ್ ಇದೆ. ಒಂದು ಹೆಸರಿನ ಚಿತ್ರಕ್ಕೆ 130 ಚುಕ್ಕಿ ಅಗಲ, ಕಾಲಮ್ಮಿಗೆ 2 ಬೈಟ್, ಅಂದರೆ 260 ಬೈಟ್. ಐದು ಹೆಸರಿಗೆ 1300. ಹತ್ತು ಅಂಕಿಗಳಿಗೆ 160. ಇವೆಲ್ಲವನ್ನೂ ಫ್ಲ್ಯಾಶಿನಲ್ಲಿಟ್ಟರೆ ಹಾಯಾಗಿ ಹಿಡಿಸುತ್ತವೆ.

ಆದರೂ ನಾನು ಊನೊ ಬದಲು ಇಎಸ್‌ಪಿ32 ಎಂಬ ಇನ್ನೊಂದು ಪುಟ್ಟ ನಿಯಂತ್ರಕವನ್ನು ತೆಗೆದುಕೊಳ್ಳಲು ಹೇಳುತ್ತೇನೆ, ಏಕೆಂದರೆ ಅದರಲ್ಲಿ ವೈಫೈ ಇದೆ. ಅದರಿಂದ ಕನ್ನಡದ ಸಮಸ್ಯೆಗೆ ಇನ್ನೊಂದು ಅಚ್ಚುಕಟ್ಟಾದ ಪರಿಹಾರ ಸಿಗುತ್ತದೆ. ಇಎಸ್‌ಪಿ32 ಒಂದು ಚಿಕ್ಕ ಜಾಲಪುಟವನ್ನು ಫೋನಿಗೆ ಕೊಡಲಿ. ಆ ಪುಟದಲ್ಲಿ ನೀವು ಯಾವ ಕನ್ನಡ ಸಾಲನ್ನು ಟೈಪ್ ಮಾಡಿದರೂ ಫೋನಿನ ಬ್ರೌಸರ್ ತನ್ನದೇ ಫಾಂಟಿನಿಂದ ಅದನ್ನು 16 ಚುಕ್ಕಿ ಎತ್ತರದ ಕ್ಯಾನ್‌ವಾಸಿನ (ಪುಟದೊಳಗೆ ಚಿತ್ರ ಬಿಡಿಸುವ ಜಾಗ) ಮೇಲೆ ಬರೆಯಲಿ. ಒತ್ತು, ಗುಣಿತ, ಅರ್ಕಾವತ್ತಿನ ಜೋಡಣೆ ಅಲ್ಲೇ ಮುಗಿಯುತ್ತದೆ. ಬಳಿಕ ಪುಟವು ಒಂದೊಂದೇ ಚುಕ್ಕಿಯನ್ನು ಓದಿ, ಹೊತ್ತಬೇಕಾದದ್ದನ್ನು ಮಾತ್ರ ಕಾಲಮ್ಮಿಗೆ ಎರಡು ಬೈಟಿನಂತೆ ಬೋರ್ಡಿಗೆ ಕಳುಹಿಸಲಿ. 950 ಚುಕ್ಕಿಯ ಉದ್ದನೆಯ ಸಾಲಿಗೂ 1900 ಬೈಟ್ ಆದರೆ ಸಾಕು. ಇದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಪೈಥಾನ್ ಭಾಷೆಯ, ಚಿತ್ರಗಳ ಕೆಲಸ ಮಾಡುವ ಪಿಲ್ಲೋ ಲೈಬ್ರರಿಯಿಂದ ಮಾಡುವುದಾದರೆ ಜೊತೆಗೆ ರಾಕಮ್ ಎಂಬ ಲೈಬ್ರರಿ ಇರಬೇಕು, ಅದಿಲ್ಲದಿದ್ದರೆ ಅಲ್ಲೂ ಕನ್ನಡ ಒಡೆಯುತ್ತದೆ.

ಅವರು ಎಡವಬಹುದಾದ ಜಾಗಗಳನ್ನೂ ಹೇಳಿಬಿಡುತ್ತೇನೆ. ಇಎಸ್‌ಪಿ32 ಹೊರಡಿಸುವುದು 3.3 ವೋಲ್ಟಿನ ಸಂಕೇತ. 5 ವೋಲ್ಟಿನಲ್ಲಿ ನಡೆಯುವ ಪ್ಯಾನೆಲ್‌ನ ಎಚ್‌ಸಿ ಜಾತಿಯ ಚಿಪ್ಪುಗಳು ನಿಯಮದ ಪ್ರಕಾರ 3.5 ವೋಲ್ಟ್ ಕೇಳುತ್ತವೆ. ಮೇಜಿನ ಮೇಲೆ ಒಂದು ಪ್ಯಾನೆಲ್‌ನಲ್ಲಿ ಸರಿಯಾಗಿ ನಡೆದದ್ದು ಆರು ಪ್ಯಾನೆಲ್ ಜೋಡಿಸಿದಾಗ ಕಸ ತೋರಿಸಲು ಇದೇ ಒಂದು ಕಾರಣ. ಸಂಕೇತವನ್ನು 5 ವೋಲ್ಟಿಗೆ ಏರಿಸಲು ನಡುವೆ 74ಎಚ್‌ಸಿಟಿ245 ಚಿಪ್ಪು ಹಾಕಬೇಕು. ಎರಡನೆಯದು, ಊನೊವನ್ನೇ ಬಳಸಿ ದರವನ್ನು ಅದರ ಈಪ್ರಾಮ್ ಎಂಬ ಅಳಿಯದ ಸ್ಮೃತಿಯಲ್ಲಿ ಉಳಿಸುವುದಾದರೆ ದರ ಬದಲಾದಾಗ ಮಾತ್ರ ಬರೆಯಬೇಕು. ಈಪ್ರಾಮ್‌ನ ಬಾಳಿಕೆ 1 ಲಕ್ಷ ಬರಹ. ದಿನಕ್ಕೆ ಎರಡು ಸಲ ಬರೆದರೆ ಅದು ನಮ್ಮನ್ನೂ ಮೀರಿ ಬಾಳುತ್ತದೆ, ತಪ್ಪಿ ಸೆಕೆಂಡಿಗೊಮ್ಮೆ ಬರೆಯುವ ಪ್ರೋಗ್ರಾಮಿನಲ್ಲಿ 28 ಗಂಟೆಗೆ ಮುಗಿಯುತ್ತದೆ. ಮೂರನೆಯದು ತಾಂತ್ರಿಕವಲ್ಲ: ಮಗ ಹಾಸನದಲ್ಲಿ, ಬೋರ್ಡು ನಿಮ್ಮಲ್ಲಿ. ಜನವರಿಯ ಕೊಯ್ಲಿನ ಭರದಲ್ಲಿ, ಅವರಿಗೆ ಪರೀಕ್ಷೆ ಇರುವಾಗ ಬೋರ್ಡು ನಿಂತರೆ ನೋಡುವವರು ಯಾರು? ಆದ್ದರಿಂದ ಹಳೆಯ ಕಾರ್ಡನ್ನು ಎಸೆಯದೆ, ಎರಡು ವೈರ್ ಬದಲಿಸಿದರೆ ಮತ್ತೆ ನಡೆಯುವ ಸ್ಥಿತಿಯಲ್ಲಿ ಉಳಿಸಿಕೊಳ್ಳಿ. ಈಗಿರುವ ಬೋರ್ಡನ್ನು ಮೊದಲ ದಾರಿಯಲ್ಲೇ ಸರಿಪಡಿಸಿಕೊಂಡು, ಮಗನ ಪ್ರಯೋಗಕ್ಕೆ ಬೇರೊಂದು ಪ್ಯಾನೆಲ್ ಕೊಡಿಸುವುದು ನಾನು ಮೆಚ್ಚುವ ಕ್ರಮ.

ಕರೆಂಟ್ ಹೋದಾಗ ತುಂಬಿದ ಸಾಲು ಅಳಿಯುವುದಿಲ್ಲ, ಅದು ಫ್ಲ್ಯಾಶಿನಲ್ಲಿರುತ್ತದೆ. ಗಡಿಯಾರ ತಪ್ಪುವುದಕ್ಕೆ ಕಾರಣ ಕಾರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತಿರುವುದು ಅಥವಾ ಹಾಕದೇ ಇರುವುದು. ಮನೆಯಲ್ಲಿ ಕಟ್ಟುವ ಬೋರ್ಡಿಗಾದರೆ ಡಿಎಸ್3231 ಎಂಬ ಗಡಿಯಾರದ ಚಿಪ್ಪು ಚೆನ್ನಾಗಿದೆ. ಸಮಯ ಸರಿಯಿರುವುದು ನಿಮ್ಮ ವ್ಯಾಪಾರದಲ್ಲಿ ಬರಿಯ ಶೋಭೆಯ ಮಾತಲ್ಲ. ನಿನ್ನೆಯ ದರವನ್ನು ಬೋರ್ಡಿನಲ್ಲಿ ನೋಡಿ ಒಬ್ಬರು ಮೂಟೆ ಇಳಿಸಿದರೆ ಜಗಳಕ್ಕೆ ದಾರಿಯಾಗುತ್ತದೆ. ದರದ ಜೊತೆ ದಿನಾಂಕ ತೋರಿಸಿ. ಮಗ ಪ್ರೋಗ್ರಾಮ್ ಬರೆಯುವುದಾದರೆ, ಆ ದಿನ ದರ ತುಂಬದಿದ್ದಲ್ಲಿ ಅಂಕಿ ಅಳಿಸಿ 'ದರ ವಿಚಾರಿಸಿ' ಎಂದು ತೋರಿಸುವಂತೆ ಹೇಳಿ.

ಹೊರಗಿನವರ ಭಯಕ್ಕೆ ಆಧಾರವಿದೆ. ಈ ಕಾರ್ಡುಗಳು ಎಲ್ಲರಿಗೂ ಒಂದೇ ಆರಂಭಿಕ ಪಾಸ್‌ವರ್ಡ್‌ನೊಂದಿಗೆ ಬರುವುದು ಸಾಮಾನ್ಯ, ಬಹಳ ಮಂದಿ ಅದನ್ನು ಬದಲಿಸುವುದೇ ಇಲ್ಲ. ಅದೇ ಆ್ಯಪ್ ಇರುವವರು ರಸ್ತೆಯಲ್ಲಿ ನಿಂತು ನಿಮ್ಮ ಬೋರ್ಡಿಗೆ ಏನು ಬೇಕಾದರೂ ಬರೆಯಬಹುದು. ಇವತ್ತೇ ಪಾಸ್‌ವರ್ಡ್ ಬದಲಿಸಿ, ವೈಫೈ ಹೆಸರಿನಲ್ಲಿ ಕಾರ್ಡಿನ ಮಾದರಿಯೋ ಅಂಗಡಿಯ ಹೆಸರೋ ಇರದಂತೆ ನೋಡಿಕೊಳ್ಳಿ.

ನೀವು ಕೇಳದಿದ್ದರೂ ವಿದ್ಯುತ್ತಿನ ಬಗ್ಗೆ ಹೇಳದೆ ಬಿಡಲಾರೆ, ಏಕೆಂದರೆ ಮಲೆನಾಡಿನಲ್ಲಿ ಇಂತಹ ಬೋರ್ಡುಗಳು ಪ್ರೋಗ್ರಾಮಿನಿಂದ ಕೆಡುವುದಕ್ಕಿಂತ ನೀರು ಮತ್ತು ಸಿಡಿಲಿನಿಂದ ಕೆಡುವುದೇ ಹೆಚ್ಚು. ಎಲ್ಲ ಚುಕ್ಕಿ ಹೊತ್ತಿದರೆ ಒಂದು ಪ್ಯಾನೆಲ್ ಸುಮಾರು 4 ಆಂಪಿಯರ್ ಎಳೆಯುತ್ತದೆ, ಆರಕ್ಕೆ 24. 5 ವೋಲ್ಟ್ 40 ಆಂಪಿಯರಿನ ಪೆಟ್ಟಿಗೆ ಆರಾಮಾಗಿ ನಿಭಾಯಿಸುತ್ತದೆ. ಆದರೆ 1 ಚದರ ಮಿ.ಮೀ.ನ ತೆಳು ವೈರಿನಲ್ಲಿ ಎರಡು ಮೀಟರ್ ದೂರಕ್ಕೆ 10 ಆಂಪಿಯರ್ ಕಳುಹಿಸಿದರೆ ಹೋಗಿಬರುವ ದಾರಿಯಲ್ಲಿ 0.7 ವೋಲ್ಟ್ ಕಳೆದುಹೋಗುತ್ತದೆ. ಕೊನೆಯ ಪ್ಯಾನೆಲ್‌ಗಳು ಮಂಕಾಗಿ ಮಿನುಗುತ್ತಿದ್ದರೆ ಪ್ರೋಗ್ರಾಮನ್ನು ತಿದ್ದುವ ಮೊದಲು ವೈರ್ ನೋಡಿ; ಎರಡೆರಡು ಪ್ಯಾನೆಲ್‌ಗೆ ಪ್ರತ್ಯೇಕವಾಗಿ 2.5 ಚದರ ಮಿ.ಮೀ. ವೈರ್ ಎಳೆಸಿ. ಬೋರ್ಡಿನ ಲೋಹದ ಚೌಕಟ್ಟಿಗೆ ಅರ್ತಿಂಗ್ ಇರಲೇಬೇಕು, ಒಳಗೆ 230 ವೋಲ್ಟ್ ಬರುತ್ತದೆ ಎಂಬುದನ್ನು ಜಗಲಿಯಲ್ಲಿ ಮೂಟೆ ಹೊರುವವರ ದೃಷ್ಟಿಯಿಂದ ಯೋಚಿಸಿ. ಹೊರಾಂಗಣದ ಪ್ಯಾನೆಲ್‌ಗಳಿಗೂ ನೀರಿನಿಂದ ರಕ್ಷಣೆ ಇರುವುದು ಮುಖ್ಯವಾಗಿ ಮುಂಭಾಗದಲ್ಲಿ. ಜುಲೈ ತಿಂಗಳ ಎರಚಲು ಹಿಂದಿನಿಂದ ನುಗ್ಗುತ್ತದೆ. ಹಿಂಬದಿ ಮುಚ್ಚಿರಲಿ, ವೈರಿನ ತೂತು ಕೆಳಮುಖವಾಗಿರಲಿ, ವೈರ್ ತುಸು ಕೆಳಗೆ ಬಾಗಿ ಮತ್ತೆ ಮೇಲಕ್ಕೆ ಏರಿ ಒಳಹೋಗಲಿ. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯ ಮುನ್ಸೂಚನೆ ಕಂಡಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಇಂಗ್ಲಿಷಿನಲ್ಲೇ ಹಾಕಿಬಿಡಿ ಎಂಬ ಸಲಹೆಗೆ ಒಂದು ಮಾತು. 2024ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂಬ ನಿಯಮವಿದೆ. ಅದು ನಾಮಫಲಕದ ನಿಯಮ. ದರದ ಬೋರ್ಡಿಗೆ ಕನ್ನಡ ಬೇಕಾಗಿರುವುದು ಎರಡು ಮೂಟೆ ಚೆರ್ರಿ ತರುವ ಸಣ್ಣ ಬೆಳೆಗಾರರು ಅದನ್ನು ಯಾರನ್ನೂ ಕೇಳದೆ ಓದಿಕೊಳ್ಳಲಿ ಎಂಬ ಕಾರಣಕ್ಕೆ.

ಕೆಲಸ ಆರಂಭಿಸುವಾಗ ಮೊದಲು ಪ್ಲಗ್ ಕಿತ್ತು, ಬೋರ್ಡಿನ ಹಿಂಬದಿ ತೆರೆದು, ಕಾರ್ಡಿನ ಮೇಲೆ ಅಚ್ಚಾಗಿರುವ ಮಾದರಿ ಸಂಖ್ಯೆಯ ಮತ್ತು ವೈರುಗಳು ಯಾವ ಕಿಂಡಿಗೆ ಹೋಗಿವೆ ಎಂಬುದರ ಫೋಟೊ ತೆಗೆದುಕೊಳ್ಳಿ. ಆ ಮಾದರಿಗೆ ಹೊಂದುವ ಕಂಪ್ಯೂಟರ್ ತಂತ್ರಾಂಶವನ್ನು ಮಾಡಿಕೊಟ್ಟವರಿಂದಲೇ ಕೇಳಿ ಪಡೆಯಿರಿ, ಹಣ ಕೊಟ್ಟು ಕೊಂಡ ಬೋರ್ಡಿನ ಜೊತೆ ಅದು ನಿಮಗೆ ಸಲ್ಲಬೇಕಾದದ್ದು. ಏನನ್ನಾದರೂ ಹೊಸದಾಗಿ ತುಂಬುವ ಮೊದಲು ಬೋರ್ಡಿನ ಅಗಲ, ಎತ್ತರ ಮತ್ತು ಸರದಿಯ ಬಗೆಯ ಈಗಿನ ಸೆಟ್ಟಿಂಗನ್ನು ಆ ತಂತ್ರಾಂಶದಿಂದ ಓದಿ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ಸರಿಯಿರುವ ಬೋರ್ಡೂ ಕೆಟ್ಟುಹೋದಂತೆ ಅಡ್ಡಾದಿಡ್ಡಿ ಗೆರೆಗಳನ್ನು ತೋರಿಸುತ್ತದೆ.